ಪ್ರಯೋಗಾಲಯದಲ್ಲಿ ಮಾತಿಗೆ ಜಾಗ ಮಾಡಿಕೊಟ್ಟ ಬಗೆ

ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರಯೋಗಾಲಯ ನಡೆಸುವ ಹೊಣೆ ಹೊತ್ತ ಮೊದಲ ಕೆಲವು ವರ್ಷ ನನ್ನದು ಒಂದೇ ಕ್ರಮವಾಗಿತ್ತು. ಹಲಗೆಯ ಮೇಲೆ ಸರ್ಕ್ಯೂಟ್ ಬರೆಯುತ್ತಿದ್ದೆ, ಸೂತ್ರ ಹೇಳುತ್ತಿದ್ದೆ, ಕನೆಕ್ಷನ್ ನೋಡಿ ಸಪ್ಲೈ ಕೊಡುತ್ತಿದ್ದೆ, ರೀಡಿಂಗ್ ಸರಿ ಇದ್ದರೆ ಸಹಿ ಹಾಕುತ್ತಿದ್ದೆ. ಮೂರು ತಾಸಿನ ಕೆಲಸ ಎರಡು ತಾಸಿನೊಳಗೆ ಮುಗಿಯುತ್ತಿತ್ತು. ಯಾರೂ ಗದ್ದಲ ಮಾಡುತ್ತಿರಲಿಲ್ಲ. ಆ ಮೌನವನ್ನೇ ನಾನು ಶಿಸ್ತು ಎಂದು ತಿಳಿದಿದ್ದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ ಮಾತ್ರ, ತಾವೇ ಜೋಡಿಸಿದ ಸರ್ಕ್ಯೂಟಿನ ಬಗ್ಗೆ ಕೇಳಿದ ಸಣ್ಣ ಪ್ರಶ್ನೆಗೂ ಮಕ್ಕಳು ತಲೆ ತಗ್ಗಿಸುತ್ತಿದ್ದರು.

ನನ್ನ ಕಣ್ಣು ತೆರೆಸಿದ್ದು ತೀರ ಸರಳವಾದ ಒಂದು ಪ್ರಯೋಗ. ಒಂದೊಂದು ಮೆಗಾಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ 10 ವೋಲ್ಟ್ ಕೊಟ್ಟು, ಒಂದರ ತುದಿಗಳ ನಡುವಿನ ವೋಲ್ಟೇಜ್ ಅಳೆಯಬೇಕಿತ್ತು. ಲೆಕ್ಕದ ಪ್ರಕಾರ ಅದು 5 ವೋಲ್ಟ್. ಅಕ್ಕಪಕ್ಕದ ಎರಡು ಬೆಂಚಿನವರೂ ಅಬ್ಸರ್ವೇಶನ್ ಪುಸ್ತಕದಲ್ಲಿ 5 ಎಂದೇ ಬರೆದಿದ್ದರು. ಆದರೆ ಒಂದು ಬೆಂಚಿನ ಡಿಜಿಟಲ್ ಮೀಟರ್ 4.76 ತೋರಿಸುತ್ತಿತ್ತು, ಇನ್ನೊಂದರ ಹಳೆಯ ಮುಳ್ಳಿನ ಮೀಟರ್ ಒಂದೂವರೆಯನ್ನೂ ಮುಟ್ಟಿರಲಿಲ್ಲ. ಕಣ್ಣೆದುರಿಗೆ ಇದ್ದುದನ್ನು ಬಿಟ್ಟು, ನಾನು ಒಪ್ಪುವ ಉತ್ತರವನ್ನು ಅವರು ಬರೆದಿದ್ದರು. ಅದು ಮೋಸವೆಂದು ನನಗೆ ಅನಿಸಲಿಲ್ಲ. ಸರಿ ಉತ್ತರಕ್ಕಷ್ಟೇ ಸಹಿ ಹಾಕುವ ನನ್ನ ಪದ್ಧತಿ ಅವರಿಗೆ ಕಲಿಸಿದ್ದೇ ಅದನ್ನು.

ಅಂದು ನಾನು ಕಾರಣ ವಿವರಿಸಲಿಲ್ಲ. ಎರಡೂ ಬೆಂಚಿನವರನ್ನು ಒಂದೆಡೆ ನಿಲ್ಲಿಸಿ, ಯಾರ ಅಳತೆ ಸರಿ ಎಂಬುದನ್ನು ನೀವೇ ತೀರ್ಮಾನಿಸಿ ಎಂದು ಹೇಳಿ ಎರಡು ಹೆಜ್ಜೆ ಹಿಂದೆ ಸರಿದೆ. "ಇವರ ಮೀಟರ್ ಕೆಟ್ಟೈತ್ರಿ ಸರ್" ಎಂಬುದು ಮೊದಲ ತೀರ್ಪು. ಮೀಟರ್ ಅದಲುಬದಲು ಮಾಡಿದಾಗ ರೀಡಿಂಗೂ ಮೀಟರಿನ ಜೊತೆಗೇ ಹೋಯಿತು. ತೀರ್ಪು ಇನ್ನಷ್ಟು ಗಟ್ಟಿಯಾಯಿತು. ಆಗ ಒಬ್ಬ ಹುಡುಗ ಮುಳ್ಳಿನ ಮೀಟರನ್ನು ನೇರವಾಗಿ ಸಪ್ಲೈಗೇ ಹಿಡಿದ. ಮುಳ್ಳು ಸರಿಯಾಗಿ 10ಕ್ಕೆ ಬಂದು ನಿಂತಿತು. ಹಾಗಾದರೆ ಮೀಟರ್ ಕೆಟ್ಟಿಲ್ಲ. ಕೊನೆಗೆ ಡಿಜಿಟಲ್ ಮೀಟರನ್ನು ಜೋಡಿಸಿಟ್ಟು, ಅದೇ ಎರಡು ಬಿಂದುಗಳಿಗೆ ಮುಳ್ಳಿನ ಮೀಟರಿನ ಪ್ರೋಬ್‌ಗಳನ್ನೂ ತಾಗಿಸಿದರು. 4.76 ತೋರಿಸುತ್ತಿದ್ದ ಡಿಜಿಟಲ್ ಮೀಟರ್ 1.41ಕ್ಕೆ ಕುಸಿಯಿತು, ಪ್ರೋಬ್ ತೆಗೆದರೆ ಮತ್ತೆ ಏರಿತು. ಮೂರ್ನಾಲ್ಕು ಸಲ ತಾಗಿಸಿ ತೆಗೆದು ನೋಡಿದರು. ಅಲ್ಲಿಯವರೆಗೆ ಸುಮ್ಮನೆ ರೀಡಿಂಗ್ ಬರೆದುಕೊಳ್ಳುತ್ತಿದ್ದ ಹುಡುಗಿ, "ಅಂದ್ರ ಮೀಟರೂ ಸರ್ಕ್ಯೂಟಿನಾಗ ಬಂತಲ್ಲೋ" ಎಂದಳು.

ಮುಂದಿನದು ಲೆಕ್ಕ. ಆ ಮುಳ್ಳಿನ ಮೀಟರಿನ ಮುಖದ ಮೇಲೆಯೇ ವೋಲ್ಟಿಗೆ 20 ಕಿಲೋಓಮ್ ಎಂದು ಮುದ್ರಿಸಿದೆ. 10 ವೋಲ್ಟಿನ ರೇಂಜಿನಲ್ಲಿ ಅದರ ಒಳರೋಧ 200 ಕಿಲೋಓಮ್ ಆಗುತ್ತದೆ. ಡಿಜಿಟಲ್ ಮೀಟರಿನದು 10 ಮೆಗಾಓಮ್. ಮೀಟರಿನ ರೋಧವನ್ನು ರೆಸಿಸ್ಟರಿಗೆ ಸಮಾಂತರವಾಗಿ ಸೇರಿಸಿ ಲೆಕ್ಕ ಹಾಕಿದರೆ ಒಂದಕ್ಕೆ 1.43, ಇನ್ನೊಂದಕ್ಕೆ 4.76. ಎರಡೂ ಮೀಟರ್ ನಿಜವನ್ನೇ ಹೇಳಿದ್ದವು. ಅಳೆಯುವ ಮೀಟರೇ ಸರ್ಕ್ಯೂಟಿನ ಭಾಗವಾಗಿ ವೋಲ್ಟೇಜ್ ಇಳಿಸುವ, ಲೋಡಿಂಗ್ ಎಫೆಕ್ಟ್ ಎಂಬ ಈ ಪಾಠವನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಅಂದು ಅದಕ್ಕೆ ಮುಕ್ಕಾಲು ತಾಸು ಹಿಡಿಯಿತು, ಮತ್ತು ಆ ಎಂಟು ಜನರಲ್ಲಿ ಯಾರೂ ಅದನ್ನು ವೈವಾದಲ್ಲಿ ತಪ್ಪಲಿಲ್ಲ.

ಅಲ್ಲಿಂದ ಮುಂದೆ, ಸ್ವಿಚ್ ಒತ್ತುವ ಮೊದಲು ಪ್ರತಿಯೊಬ್ಬರೂ ಏನಾಗುತ್ತದೆಂದು ಊಹಿಸಿ ಪೆನ್ನಿನಲ್ಲಿ ಬರೆದು, ಪಕ್ಕದವರಿಗೆ ಕಾರಣ ಹೇಳಬೇಕೆಂಬ ಕ್ರಮ ತಂದೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ 1990ರ ದಶಕದಲ್ಲಿ ತರಗತಿಗಾಗಿ ರೂಪಿಸಿದ, ಮೊದಲು ಒಬ್ಬೊಬ್ಬರೇ ಉತ್ತರಿಸಿ ಆಮೇಲೆ ನೆರೆಯವರೊಡನೆ ಚರ್ಚಿಸುವ ವಿಧಾನದ ಹತ್ತಿರದ ನೆಂಟ ಇದು. ಪ್ರಯೋಗಾಲಯದಲ್ಲಿ ಒಂದು ಹೆಚ್ಚಿನ ಅನುಕೂಲವಿದೆ: ವಾದ ತೀರಿಸುವುದಕ್ಕೆ ಯಂತ್ರವೇ ಎದುರಿಗಿರುತ್ತದೆ. ಡಿಸಿ ಶಂಟ್ ಮೋಟರಿನ, ಕಾಂತಕ್ಷೇತ್ರ ಉಂಟುಮಾಡುವ ಸುರುಳಿಯಾದ ಫೀಲ್ಡ್‌ನಲ್ಲಿ ರೋಧ ಹೆಚ್ಚಿಸಿದರೆ ವೇಗ ಇಳಿಯುತ್ತದೆಂದು ಬಹುತೇಕ ಮಕ್ಕಳು ಬರೆಯುತ್ತಾರೆ, ಆದರೆ ಮೋಟರ್ ಓಡುವುದು ಇನ್ನೂ ಜೋರಾಗಿ. ಫೀಲ್ಡ್ ದುರ್ಬಲವಾದಾಗ ಬ್ಯಾಕ್ ಇಎಂಎಫ್ (ಮೋಟರ್ ತಿರುಗುವಾಗ ಸಪ್ಲೈಗೆ ಎದುರಾಗಿ ಹುಟ್ಟುವ ವೋಲ್ಟೇಜ್) ಇಳಿದು, ತಿರುಗುವ ಭಾಗವಾದ ಆರ್ಮೇಚರಿಗೆ ಕರೆಂಟ್ ಹೆಚ್ಚು ನುಗ್ಗುತ್ತದೆ ಎಂಬ ಎಳೆ ಸಿಗುವವರೆಗೆ ಅವರು ಬೆಂಚು ಬಿಡುವುದಿಲ್ಲ. ಫೀಲ್ಡ್ ವೈರ್ ಸಡಿಲವಾಗಿ ಕಳಚಿಬಿಟ್ಟರೆ ಮೋಟರ್ ಅಪಾಯಕಾರಿ ವೇಗಕ್ಕೆ ಏರಬಹುದು. ಆದ್ದರಿಂದ ಇದೊಂದನ್ನು ಮಾತ್ರ ನಾನು ಚರ್ಚೆಗೆ ಬಿಡದೆ ಮೊದಲೇ ಹೇಳಿ, ಪ್ರತಿ ಕನೆಕ್ಷನ್ನನ್ನೂ ಕೈಯಿಂದ ಎಳೆದು ನೋಡುತ್ತೇನೆ.

ನಾಲ್ವರ ಗುಂಪಿನಲ್ಲಿ ಯಾರ ಕೈಯಲ್ಲಿ ಏನಿದೆ ಎಂಬುದನ್ನು ಗಮನಿಸಲು ನಾನು ಬಹಳ ತಡಮಾಡಿದೆ. ಅಕ್ಷರ ಚೆಂದವೆಂದು ಹುಡುಗಿಯರ ಕೈಗೆ ಪುಸ್ತಕ, ಧೈರ್ಯ ಹೆಚ್ಚೆಂದು ಒಬ್ಬ ಹುಡುಗನ ಕೈಗೆ ವೈರು. ಸೆಮಿಸ್ಟರ್ ಮುಗಿಯುವವರೆಗೆ ಅದೇ. ಈಗ ಅರ್ಧ ತಾಸಿಗೊಮ್ಮೆ ಜಾಗ ಬದಲಾಗುತ್ತದೆ, ಮತ್ತು ವೈರ್ ಹಿಡಿದವರು ಉಳಿದ ಮೂವರು ಹೇಳಿದಂತೆ ಮಾತ್ರ ಜೋಡಿಸಬೇಕು. ಹೀಗೆ ಮಾಡಿದರೆ ಕೆಲಸ ನಿಧಾನವಾಗುತ್ತದೆ. ಆದರೆ ತಿಳಿಯದವರು ತಿಳಿಯಲಿಲ್ಲವೆಂದು ಹೇಳಲೇಬೇಕಾಗುತ್ತದೆ.

ಭಾಷೆಯ ವಿಷಯವನ್ನೂ ಹೇಳಬೇಕು. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದ, ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಒಬ್ಬ ವಿದ್ಯಾರ್ಥಿ ನನ್ನೆದುರು ತುಟಿ ಬಿಚ್ಚುತ್ತಿರಲಿಲ್ಲ. ಒಂದು ದಿನ ಅವನು ಗೆಳೆಯನಿಗೆ, ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕರೆಂಟ್ ಹೋದಾಗ ತಾನಾಗಿ ಹೇಗೆ ಬಿಟ್ಟುಕೊಳ್ಳುತ್ತದೆ ಎಂಬುದನ್ನು ನಮ್ಮ ಬೆಂಚಿನ ಸ್ಟಾರ್ಟರಿನ ನೋ-ವೋಲ್ಟ್ ಕಾಯಿಲ್ (ಕರೆಂಟ್ ಇರುವಷ್ಟು ಹೊತ್ತು ಸ್ಟಾರ್ಟರನ್ನು ಹಿಡಿದಿಡುವ ಸುರುಳಿ) ತೋರಿಸಿ ವಿವರಿಸುತ್ತಿದ್ದ. ನಾನು ಸರಿಪಡಿಸಬೇಕಾದ ಒಂದು ಮಾತೂ ಅದರಲ್ಲಿರಲಿಲ್ಲ. ಅಂದಿನಿಂದ ಬೆಂಚಿನ ಮಾತು ಕನ್ನಡದಲ್ಲಿಯೇ ಇರಲಿ, ರೆಕಾರ್ಡ್ ಇಂಗ್ಲಿಷಿನಲ್ಲಿರಲಿ ಎಂದು ಬಿಟ್ಟುಕೊಟ್ಟಿದ್ದೇನೆ.

ಈ ಚರ್ಚೆಗೆ ಅಂಕ ಇಡಿ ಎಂದು ಸಹೋದ್ಯೋಗಿಗಳು ಸೂಚಿಸಿದರು. ಒಂದು ಸೆಮಿಸ್ಟರ್ ಇಟ್ಟು ನೋಡಿದೆ. ಮಕ್ಕಳು ಒಬ್ಬರಿಗೊಬ್ಬರು ಮಾತನಾಡುವುದನ್ನು ಬಿಟ್ಟು, ನಾನು ಹತ್ತಿರ ಬಂದಾಗ ನನಗೆ ಕೇಳುವಂತೆ ಮಾತನಾಡತೊಡಗಿದರು. ಮರುವರ್ಷ ತೆಗೆದುಹಾಕಿದೆ. ಹಳೆಯ ಮುಳ್ಳಿನ ಮೀಟರ್‌ಗಳನ್ನು ಗುಜರಿಗೆ ಹಾಕುವ ಪಟ್ಟಿಯಿಂದಲೂ ನಾಲ್ಕನ್ನು ತೆಗೆಸಿ, ಎರಡು ಬೆಂಚಿಗೆ ಒಂದರಂತೆ ಇಂದಿಗೂ ಇಟ್ಟುಕೊಂಡಿದ್ದೇನೆ.