ನಲವತ್ತೈದು ದಾಟಿದವರ ವ್ಯಾಯಾಮದ ವಾರ: ಬಲದ ಅಭ್ಯಾಸಕ್ಕೆ ಎಷ್ಟು, ಕಾರ್ಡಿಯೋಗೆ ಎಷ್ಟು?

ಬೆಂಗಳೂರಿನ ಲಾಲ್‌ಬಾಗ್‌ನಲ್ಲಾಗಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಾಗಲಿ, ಮಂಗಳೂರಿನ ಕದ್ರಿ ಉದ್ಯಾನದಲ್ಲಾಗಲಿ, ಬೆಳಗಿನ ಆರು ಗಂಟೆಗೆ ನಡೆಯುವವರಲ್ಲಿ ಬಹುಪಾಲು ಜನ ನಲವತ್ತು ದಾಟಿದವರು. ವರ್ಷಗಟ್ಟಲೆ ತಪ್ಪದೆ ನಡೆಯುವ ಅವರ ಶಿಸ್ತು ದೊಡ್ಡದು. ಆದರೆ ಅವರಲ್ಲಿ ಹೆಚ್ಚಿನವರ ವ್ಯಾಯಾಮ ನಡಿಗೆಯಲ್ಲೇ ಮುಗಿಯುತ್ತದೆ. ಭಾರ ಎತ್ತುವುದು ಹುಡುಗರ ಕೆಲಸವೆಂದು ಬದಿಗಿಟ್ಟಿರುತ್ತಾರೆ. ಈ ಬರಹ ಮುಖ್ಯವಾಗಿ ಅಂಥವರಿಗೆ. ನನ್ನ ಖಚಿತ ಅಭಿಪ್ರಾಯವೆಂದರೆ, ನಡುವಯಸ್ಸಿನವರು ವಾರದ ವೇಳಾಪಟ್ಟಿ ಬರೆಯಲು ಕುಳಿತಾಗ ಮೊದಲು ಗುರುತಿಸಬೇಕಾದದ್ದು ಬಲದ ಅಭ್ಯಾಸದ ಎರಡು ದಿನಗಳನ್ನು. ಕಾರ್ಡಿಯೋವನ್ನು, ಎಂದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಕೆಲಸ ಕೊಡುವ ನಡಿಗೆ, ಸೈಕಲ್, ಈಜು ಮುಂತಾದವನ್ನು, ಆ ದಿನಗಳ ಸುತ್ತ ಹೊಂದಿಸಿಕೊಳ್ಳುವುದು ಸುಲಭ.

ಕಾರಣ ದೇಹದ ಒಳಗಿದೆ. ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಈ ವೇಗ ಇನ್ನೂ ಹೆಚ್ಚುತ್ತದೆ. ಮೊದಲು ಸೊರಗುವುದು ವೇಗವಾಗಿ ಬಲ ಹಾಕುವ ಸ್ನಾಯುತಂತುಗಳು. ನೆಲದಿಂದ ಏಳಲು, ಬಚ್ಚಲಲ್ಲಿ ಕಾಲು ಜಾರಿದಾಗ ಮೈಯನ್ನು ತಡೆದು ನಿಲ್ಲಿಸಲು ಬೇಕಾದವು ಅವೇ. ಸಮತಟ್ಟಾದ ದಾರಿಯ ಸಾವಕಾಶದ ನಡಿಗೆ ಅವುಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಕೂಡ ಸ್ನಾಯುಗಳೇ. ಅದೇ ತೂಕದ ಯೂರೋಪಿಯನ್ನರಿಗೆ ಹೋಲಿಸಿದರೆ ನಮ್ಮವರ ಮೈಯಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು; ತೆಳ್ಳಗೆ ಕಾಣುವವರಿಗೂ ನಡುವಯಸ್ಸಿಗೆ ಮುಂಚೆಯೇ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಈಸ್ಟ್ರೋಜೆನ್ ಇಳಿಯುವುದರಿಂದ ಹೆಂಗಸರ ಮೂಳೆ ವೇಗವಾಗಿ ಸವೆಯುತ್ತದೆ. ಮೂಳೆ ಗಟ್ಟಿಯಾಗಿ ಉಳಿಯಲು ಅದರ ಮೇಲೆ ಭಾರ ಬೀಳಬೇಕು, ಈಜಿನಿಂದಲೂ ಸೈಕಲ್‌ನಿಂದಲೂ ಅದು ಸಾಕಷ್ಟು ಸಿಗುವುದಿಲ್ಲ.

ಹಾಗೆಂದು ಕಾರ್ಡಿಯೋ ಬಿಡುವಂತಿಲ್ಲ. ವ್ಯಾಯಾಮವಿಲ್ಲದ ದೇಹದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಕುಸಿಯುತ್ತದೆ, ಡಂಬೆಲ್ ಎತ್ತಿದ ಮಾತ್ರಕ್ಕೆ ಆ ಕುಸಿತ ಪೂರ್ತಿ ನಿಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ, ಅಥವಾ 75ರಿಂದ 150 ನಿಮಿಷಗಳ ಹೆಚ್ಚು ತೀವ್ರತೆಯ ಚಟುವಟಿಕೆಯನ್ನು ಹೇಳುತ್ತದೆ. ಅದರ ಜೊತೆಗೆ, ಅದಕ್ಕೆ ಬದಲಾಗಿ ಅಲ್ಲ, ಮುಖ್ಯ ಸ್ನಾಯುಗಳೆಲ್ಲಕ್ಕೂ ಕೆಲಸ ಕೊಡುವ ಬಲದ ವ್ಯಾಯಾಮವನ್ನು ವಾರಕ್ಕೆ ಕನಿಷ್ಠ ಎರಡು ದಿನ ಮಾಡಬೇಕೆನ್ನುತ್ತದೆ.

ಒಂದು ಇನ್ನೊಂದನ್ನು ಕೆಡಿಸುತ್ತದೆಯೇ?

ಕಾರ್ಡಿಯೋ ಮಾಡಿದರೆ ಸ್ನಾಯು ಕರಗುತ್ತದೆ ಎಂಬ ಮಾತು ಜಿಮ್‌ಗಳಲ್ಲಿ ಹೇರಳವಾಗಿ ಕೇಳಿಬರುತ್ತದೆ. ಇದರ ಮೂಲ 1980ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಪ್ರಕಟಿಸಿದ ಪ್ರಯೋಗದಲ್ಲಿದೆ. ಹತ್ತು ವಾರಗಳ ಆ ಪ್ರಯೋಗದಲ್ಲಿ ಎರಡೂ ಬಗೆಯ ಅಭ್ಯಾಸವನ್ನು ಒಟ್ಟಿಗೆ ಮಾಡಿದವರ ಬಲ ಮೊದಲ ವಾರಗಳಲ್ಲಿ ಏರಿ, ನಂತರ ನಿಂತು, ಕೊನೆಯ ವಾರಗಳಲ್ಲಿ ಇಳಿಯಿತು. ಆದರೆ ಅವರು ವಾರಕ್ಕೆ ಐದು ದಿನ ಭಾರ ಎತ್ತಿ, ಆರು ದಿನ ಕಠಿಣವಾಗಿ ಓಡುತ್ತ, ಸೈಕಲ್ ತುಳಿಯುತ್ತ ಇದ್ದರು. ಎರಡು ದಿನ ಬಲದ ಅಭ್ಯಾಸ, ನಾಲ್ಕು ದಿನ ನಡಿಗೆ ಮಾಡುವವರಿಗೆ ಈ ಭಯ ಬೇಡ. ಅದರಿಂದ ಕಲಿಯಬೇಕಾದದ್ದು ಇಷ್ಟು: ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡುವುದಾದರೆ ಬಲದ ಅಭ್ಯಾಸ ಮೊದಲು, ಏಕೆಂದರೆ ದಣಿದ ಕಾಲುಗಳಿಂದ ಭಾರ ಎತ್ತಿದಾಗ ಭಂಗಿ ಕೆಡುತ್ತದೆ, ಮತ್ತು ಬಿರುಸಿನ ಕಾರ್ಡಿಯೋ ದಿನವನ್ನು ಕಾಲುಗಳಿಗೆ ಭಾರ ಕೊಡುವ ದಿನದಿಂದ ಆದಷ್ಟು ದೂರವಿಡಬೇಕು.

ಬಲದ ದಿನ ಏನು ಮಾಡಬೇಕು?

ಯಂತ್ರಗಳ ಹೆಸರಿಗಿಂತ ಚಲನೆಗಳ ಲೆಕ್ಕ ಮುಖ್ಯ. ಕುಳಿತು ಏಳುವುದು, ಬಾಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು, ಈ ಐದೂ ಪ್ರತಿ ಬಲದ ದಿನದಲ್ಲಿ ಇರಬೇಕು. ಕುಳಿತು ಏಳುವುದಕ್ಕೆ ಬಸ್ಕಿಗಿಂತ ಒಳ್ಳೆಯದಿಲ್ಲ. ಮಂಡಿ ನೋವಿರುವವರು ಗಟ್ಟಿಯಾದ ಕುರ್ಚಿಯಿಂದ ಕೈಯಾಸರೆಯಿಲ್ಲದೆ ಎದ್ದು ಕೂರುವುದರಿಂದ ಆರಂಭಿಸಲಿ, ಅದೂ ಕಷ್ಟವಾದರೆ ಕುರ್ಚಿಯ ಮೇಲೆ ಒಂದು ದಿಂಬು ಹಾಕಿ ಎತ್ತರ ಹೆಚ್ಚಿಸಿಕೊಳ್ಳಲಿ. ಬಾಗಿ ಎತ್ತುವಾಗ ಬೆನ್ನನ್ನು ಗೂನಾಗಿಸದೆ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ತೊಡೆಸಂದಿನಿಂದ ಬಾಗಬೇಕು. ಸೊಂಟ ನೋವಿನ ಭಯದಿಂದ ಈ ಚಲನೆಯನ್ನು ಕೈಬಿಟ್ಟವರಿಗೇ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸುವಾಗ ಸೊಂಟ ಹಿಡಿಯುವುದು ಹೆಚ್ಚು. ತಳ್ಳುವುದಕ್ಕೆ ಮೊದಲು ಗೋಡೆಗೆ, ಆಮೇಲೆ ಮೇಜಿಗೆ ಕೈಯಿಟ್ಟು ದಂಡ ಹೊಡೆದು, ಕೊನೆಗೆ ನೆಲಕ್ಕೆ ಬರಬಹುದು. ಎಳೆಯುವುದಕ್ಕೆ ಕಿಟಕಿಯ ಸರಳಿಗೆ ಕಟ್ಟಿದ ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದರೆ ಹಿಗ್ಗುವ ವ್ಯಾಯಾಮದ ರಬ್ಬರ್ ಪಟ್ಟಿ) ಸಾಕು. ಎರಡೂ ಕೈಯಲ್ಲಿ ನೀರು ತುಂಬಿದ ಐದು ಲೀಟರಿನ ಕ್ಯಾನ್ ಹಿಡಿದು ನೆಟ್ಟಗೆ ನಡೆದರೆ ಹಿಡಿತ, ಹೆಗಲು, ಹೊಟ್ಟೆ ಎಲ್ಲಕ್ಕೂ ಕೆಲಸ ಸಿಗುತ್ತದೆ.

ಪ್ರತಿಯೊಂದನ್ನೂ ಒಂದೇ ಸಮನೆ 8ರಿಂದ 12 ಬಾರಿ ಮಾಡಿದರೆ ಒಂದು ಸೆಟ್; ಅಂಥ ಎರಡು ಸೆಟ್, ನಡುವೆ ಒಂದೂವರೆ–ಎರಡು ನಿಮಿಷ ವಿಶ್ರಾಂತಿ. ಸೆಟ್ ಮುಗಿದಾಗ ಇನ್ನು ಎರಡು ಮೂರು ಬಾರಿ ಮಾತ್ರ ಮಾಡಬಲ್ಲೆ ಎನ್ನಿಸುವಷ್ಟು ಭಾರವಿರಬೇಕು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಗರಡಿಮನೆಯ ಪೈಲ್ವಾನರಂತೆ ನೂರಾರು ಬಸ್ಕಿ ಹೊಡೆಯುವುದು ದೊಡ್ಡ ಸಾಧನೆಯೇ, ಆದರೆ ಸುಲಭವಾಗಿ ಐವತ್ತು ದಾಟುವ ಬಸ್ಕಿ ದಮ್ಮನ್ನು ಬೆಳೆಸುತ್ತದೆಯೇ ಹೊರತು ಬಲವನ್ನು ಅಷ್ಟಾಗಿ ಬೆಳೆಸದು. ಹನ್ನೆರಡು ಬಾರಿ ಸಲೀಸಾದ ದಿನ ಎಣಿಕೆಯನ್ನಲ್ಲ, ಭಾರವನ್ನು ಹೆಚ್ಚಿಸಿ: ಎದೆಗೆ ಒಂದು ಡಂಬೆಲ್ ಹಿಡಿಯಿರಿ, ಅಥವಾ ಬೆನ್ನಿನ ಚೀಲಕ್ಕೆ ಅಕ್ಕಿಯ ಪೊಟ್ಟಣ ಸೇರಿಸಿ. ಈ ಏರಿಕೆ ನಿಧಾನವಾಗಿರಲಿ. ಸ್ನಾಯು ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ. ಭುಜ ಮತ್ತು ಹಿಮ್ಮಡಿಯ ನೋವು ಬಹಳಷ್ಟು ಸಲ ಈ ಅಂತರದಿಂದಲೇ ಬರುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಬಹಳ ಮೇಲೇರುತ್ತದೆ.

ಕಾರ್ಡಿಯೋದ ದಿನಗಳು

ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವ ವೇಗವೇ ಮಧ್ಯಮ ತೀವ್ರತೆ. ಗೆಳೆಯರೊಂದಿಗೆ ಇಡೀ ಸುತ್ತು ನಿರಾಯಾಸವಾಗಿ ಹರಟುತ್ತ ನಡೆಯಲು ಸಾಧ್ಯವಾದರೆ ವೇಗ ಸಾಲದು. ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವಾಚಿನ ಹೃದಯಬಡಿತದ ಅಂಕಿಯನ್ನು ನಂಬದೆ ಈ ಮಾತಿನ ಪರೀಕ್ಷೆಯನ್ನೇ ಅನುಸರಿಸಬೇಕು, ಏಕೆಂದರೆ ಆ ಮಾತ್ರೆಗಳು ಬಡಿತವನ್ನೇ ತಗ್ಗಿಸುತ್ತವೆ.

ವಾರದಲ್ಲಿ ಒಂದು ದಿನ ಬಿರುಸು ಇರಲಿ. ಜಪಾನಿನ ಮಾತ್ಸುಮೊಟೊದಲ್ಲಿರುವ ಶಿನ್‌ಶು ವಿಶ್ವವಿದ್ಯಾಲಯದವರು ನಡುವಯಸ್ಕರಿಗೂ ಹಿರಿಯರಿಗೂ ರೂಪಿಸಿದ ಕ್ರಮ ಓಡಲಾರದವರಿಗೆ ಬಹಳ ಒಪ್ಪುತ್ತದೆ: ಮೂರು ನಿಮಿಷ ಬಿರುನಡಿಗೆ, ಮೂರು ನಿಮಿಷ ನಿಧಾನ, ಹೀಗೆ ಐದು ಸಲ. ಅವರು ಇದನ್ನು ವಾರಕ್ಕೆ ನಾಲ್ಕು ದಿನ ಮಾಡಿಸಿದರು. ಬಲದ ಅಭ್ಯಾಸವೂ ಇರುವವರಿಗೆ ಒಂದೆರಡು ದಿನ ಸಾಕೆಂದು ನನ್ನ ಎಣಿಕೆ.

ಹಾಗಾದರೆ ವಾರ ಹೀಗಿರಬಹುದು. ಸೋಮವಾರ ಮತ್ತು ಗುರುವಾರ ತಲಾ ನಲವತ್ತು ನಿಮಿಷ ಬಲದ ಅಭ್ಯಾಸ. ಮಂಗಳವಾರ ಮತ್ತು ಶುಕ್ರವಾರ ನಲವತ್ತು ನಿಮಿಷ ನಡಿಗೆ. ಶನಿವಾರ ಬೆಳಿಗ್ಗೆ ಮೂವತ್ತು ನಿಮಿಷ ಮೇಲೆ ಹೇಳಿದ ಬಿರುಸು–ನಿಧಾನದ ನಡಿಗೆ, ಭಾನುವಾರ ಒಂದು ಗಂಟೆ ಸೈಕಲ್ ಅಥವಾ ಬೆಟ್ಟದ ದಾರಿ, ಬುಧವಾರ ಬಿಡುವು. ಕಾರ್ಡಿಯೋ ಒಟ್ಟು 170 ನಿಮಿಷವಾಯಿತು. ಕೆಲಸದ ಒತ್ತಡದಿಂದ ಮೂರೇ ದಿನ ಸಿಗುವವರು ಪ್ರತಿ ಬಾರಿ ಅರ್ಧ ಗಂಟೆ ಬಲದ ಅಭ್ಯಾಸ ಮಾಡಿ, ಅದರ ಬೆನ್ನಿಗೇ ಅರ್ಧ ಗಂಟೆ ನಡೆಯಲಿ. ವಾರಕ್ಕೆ ಆರು ದಿನ ರಾತ್ರಿ ಊಟದ ನಂತರ ಹತ್ತು ನಿಮಿಷ ಚುರುಕಾಗಿ ನಡೆದರೆ ಉಳಿದ ಅರವತ್ತು ನಿಮಿಷ ತುಂಬಿ 150 ಆಗುತ್ತದೆ, ಸಕ್ಕರೆಯ ಏರಿಕೆಯೂ ತಗ್ಗುತ್ತದೆ.

ಆಹಾರದ ವಿಷಯದಲ್ಲಿ ಒಂದೇ ಮಾತು: ಮುದ್ದೆ, ಅನ್ನ, ತಿಳಿಸಾರಿನ ಊಟದಲ್ಲಿ ಪ್ರೋಟೀನ್ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ, ಬಲದ ಅಭ್ಯಾಸ ಮಾಡುವ ನಡುವಯಸ್ಕರು 1.2 ಗ್ರಾಂ ಆಸುಪಾಸಿನಲ್ಲಿರುವುದು ಒಳ್ಳೆಯದು, ಎಂದರೆ 60 ಕಿಲೋ ತೂಕದವರಿಗೆ 72 ಗ್ರಾಂ. ಮೊಟ್ಟೆ, ಮೊಸರು, ಪನೀರ್, ಗಟ್ಟಿ ಬೇಳೆ, ಹುರುಳಿ, ಕಡಲೆಕಾಯಿಗಳನ್ನು ಮೂರೂ ಹೊತ್ತಿಗೆ ಹಂಚಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಎದೆನೋವು ಅಥವಾ ತಲೆಸುತ್ತು ಬರುವವರು, ಬಿ.ಪಿ. 180/110 ದಾಟುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾದವರು ವೈದ್ಯರ ಒಪ್ಪಿಗೆಯಿಲ್ಲದೆ ಭಾರ ಮುಟ್ಟಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ರಕ್ತದ ಸಕ್ಕರೆ ತೀರಾ ಇಳಿಯಬಹುದು, ಅವರ ಜೇಬಿನಲ್ಲಿ ಸಕ್ಕರೆ ಇರಲಿ. ಸ್ನಾಯುವಿನ ಮೈಕೈ ನೋವು ಸಹಜ. ಕೀಲಿನ ನೋವು ಮರುದಿನ ಬೆಳಿಗ್ಗೆಯೂ ಉಳಿದರೆ ಭಾರ ಇಳಿಸಿ.

ಬಲದ ಅಭ್ಯಾಸ, ಕಾರ್ಡಿಯೋ ಎರಡರ ಪ್ರಮಾಣವನ್ನು ಊಹೆಯಿಂದ ನಿರ್ಧರಿಸದೆ ಎರಡು ತಿಂಗಳಿಗೊಮ್ಮೆ ಅಳೆದು ನೋಡಿ. ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂರಬಲ್ಲಿರಿ, ಮತ್ತು ಒಂದೇ ಗೊತ್ತಾದ ದಾರಿಯ ಎರಡು ಕಿಲೋಮೀಟರನ್ನು ಎಷ್ಟು ನಿಮಿಷದಲ್ಲಿ ನಡೆಯಬಲ್ಲಿರಿ ಎಂದು ಬರೆದಿಡಿ. ಎದ್ದು ಕೂರುವ ಸಂಖ್ಯೆ ನಿಂತಲ್ಲೇ ನಿಂತಿದ್ದರೆ ಮುಂದಿನ ಎಂಟು ವಾರ ಒಂದು ನಡಿಗೆಯ ದಿನವನ್ನು ಬಲದ ಅಭ್ಯಾಸಕ್ಕೆ ಕೊಡಿ. ನಡಿಗೆಯ ಹೊತ್ತು ಇಳಿಯದಿದ್ದರೆ ಇನ್ನೊಂದು ದಿನವನ್ನೂ ಬಿರುನಡಿಗೆಗೆ ತಿರುಗಿಸಿ, ಆದರೆ ಬಲದ ಆ ಎರಡು ದಿನಗಳಿಗೆ ಕೈ ಹಾಕಬೇಡಿ.