ಹಳೆಯ ನಾಟಕ ಗೃಹದ ಚರಿತ್ರೆಯನ್ನು ದಾಖಲಿಸುವ ಕ್ರಮ

ಕಲಬುರಗಿ ಭಾಗದಲ್ಲಿ ಜೀರ್ಣೋದ್ಧಾರಗೊಂಡ ಹಳೆಯ ನಾಟಕ ಗೃಹವೊಂದರ ಚರಿತ್ರೆಯನ್ನು ಬರೆಯಲು ಹೊರಟವರು ಮೊದಲು ಕಟ್ಟಡವನ್ನೇ ಓದಬೇಕು. ಗಚ್ಚಿನ ಗೋಡೆ ಎಲ್ಲಿ ಮುಗಿದು ಸಿಮೆಂಟು ಎಲ್ಲಿ ಆರಂಭವಾಗುತ್ತದೆ, ಶಹಾಬಾದ್ ಕಲ್ಲಿನ ನೆಲಹಾಸು ಎಲ್ಲೆಲ್ಲಿ ಸವೆದಿದೆ, ಪರದೆ ಎಳೆಯುವ ರಾಟೆಗಳ ತೊಲೆ ಉಳಿದಿದೆಯೇ, ಹಿಂಗೋಡೆಯಲ್ಲಿ ಪ್ರೊಜೆಕ್ಟರಿನ ಕಿಂಡಿಯನ್ನು ಆಮೇಲೆ ಕೊರೆದಂತೆ ಕಾಣುತ್ತದೆಯೇ ಎಂಬುದನ್ನೆಲ್ಲ ಅಳತೆ ಮತ್ತು ಛಾಯಾಚಿತ್ರಗಳೊಂದಿಗೆ ಬರೆದಿಟ್ಟುಕೊಳ್ಳಬೇಕು. ತೊಲೆಯೂ ಕಿಂಡಿಯೂ ಒಂದೇ ಕಟ್ಟಡದಲ್ಲಿ ಸಿಕ್ಕರೆ, ಕಂಪನಿ ನಾಟಕಕ್ಕೆಂದು ಕಟ್ಟಿದ್ದು ಮುಂದೆ ಟಾಕೀಸಾಯಿತು ಎಂಬ ಊಹೆಗೆ ಅದು ಮೊದಲ ಆಧಾರವಾಗುತ್ತದೆ.

ಅನಂತರ ಕಾಗದಪತ್ರಗಳು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಜಾಗದ ಕರಾರು, ಪರವಾನಗಿ, ತೆರಿಗೆಯ ರಸೀದಿಗಳು ಬಹುಪಾಲು ಉರ್ದುವಿನಲ್ಲಿರುತ್ತವೆ. ಉರ್ದು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಸಾಲು ಸಾಲಾಗಿ ಓದಿಸಬೇಕು. ಸಾರಾಂಶ ಕೇಳಿ ತೃಪ್ತರಾಗಬಾರದು. ಸಂಸ್ಥಾನದ ಹಳೆಯ ಕಡತಗಳನ್ನು ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿಯೂ ಹುಡುಕಬೇಕು.

ಹೆಚ್ಚು ತಪ್ಪುಗಳಾಗುವುದು ತಾರೀಖಿನಲ್ಲಿ, ಆದ್ದರಿಂದ ಇಲ್ಲಿ ಅವಸರ ಸಲ್ಲದು. ಸಂಸ್ಥಾನದ ಕಚೇರಿಗಳು ಬಳಸುತ್ತಿದ್ದುದು ಫಸಲಿ ವರ್ಷವನ್ನು, ಅಂದರೆ ಬೆಳೆ ಮತ್ತು ಕಂದಾಯದ ಲೆಕ್ಕಕ್ಕೆಂದು ಬಂದ ವರ್ಷವನ್ನು. ಅದು ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಆಜರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಡಿಸೆಂಬರ್ ಅಂತ್ಯದವರೆಗಿನ ದಿನಗಳಿಗೆ ಫಸಲಿ ಸಂಖ್ಯೆಗೆ 590ನ್ನೂ, ಜನವರಿಯ ನಂತರದ ದಿನಗಳಿಗೆ 591ನ್ನೂ ಕೂಡಿಸಿದರೆ ಕ್ರಿಸ್ತಶಕದ ವರ್ಷ ಸಿಗುತ್ತದೆ. ಫರ್ವರ್ದಿ 1345 ಫಸಲಿ ಎಂದರೆ ಸುಮಾರು 1936ರ ಫೆಬ್ರುವರಿ. ಅದೇ 1345ನ್ನು ಹಿಜರಿ, ಅಂದರೆ ಇಸ್ಲಾಮಿ ಚಾಂದ್ರಮಾನ ವರ್ಷ, ಎಂದು ಎಣಿಸಿದರೆ 1926–27 ಬರುತ್ತದೆ, ಅಂದರೆ ಕಟ್ಟಡಕ್ಕೆ ಹತ್ತು ವರ್ಷ ಹೆಚ್ಚು ವಯಸ್ಸಾಗುತ್ತದೆ. ಭಾರತದ ಮೊದಲ ಮಾತಿನ ಚಿತ್ರ ತೆರೆಕಂಡದ್ದು 1931ರಲ್ಲಿ ಎಂಬುದನ್ನು ನೆನೆದರೆ, ಈ ಹತ್ತು ವರ್ಷಗಳ ಅಂತರ ಇಡೀ ಕಥನವನ್ನೇ ತಿರುವುಮುರುವು ಮಾಡಬಲ್ಲದು. ಬಾಡಿಗೆಯ ಮೊತ್ತ ನಿಜಾಮರ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾದಲ್ಲಿದೆಯೋ ಬ್ರಿಟಿಷ್ ಭಾರತದ ರೂಪಾಯಿಯಾದ ಕಲ್ದಾರಿನಲ್ಲಿದೆಯೋ ಎಂಬುದನ್ನೂ ನೋಡಬೇಕು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಸಮನಾಗಿತ್ತು.

ಹಿರಿಯರನ್ನು ಮಾತನಾಡಿಸುವಾಗ ಇಸವಿಯನ್ನು ಕೇಳಬಾರದು. ಅವರು ನೆನೆಯುವ ಸಂಗತಿ ರಜಾಕಾರರ ಹಾವಳಿಗೆ ಮೊದಲೋ ಆಮೇಲೋ, ಶರಣಬಸವೇಶ್ವರರ ಜಾತ್ರೆಗೆ ಕಂಪನಿ ಬಂದಾಗ ಆಟ ಗುಡಾರದಲ್ಲಿ ನಡೆಯುತ್ತಿತ್ತೋ ಈ ನಾಟಕ ಗೃಹದಲ್ಲೋ, ಹೆಂಗಸರು ಎಲ್ಲಿ ಕೂರುತ್ತಿದ್ದರು, ನೆಲದ ಮೇಲೆ ಕೂರುವ ಟಿಕೀಟಿನ ದರ ಎಷ್ಟಿತ್ತು ಎಂದು ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾರ್ಮೋನಿಯಂ ನುಡಿಸಿದವರು, ಪರದೆ ಬರೆದವರು, ಗ್ಯಾಸ್‌ಲೈಟು ಹೊತ್ತಿಸಿದವರು, ಟಿಕೀಟು ಹರಿದವರು ಇವರ ಮನೆತನದವರನ್ನು ಮಾಲೀಕರ ಮನೆತನದವರಷ್ಟೇ ಶ್ರದ್ಧೆಯಿಂದ ಹುಡುಕಬೇಕು. ಕರಪತ್ರಗಳು ಅವರ ಟ್ರಂಕುಗಳಲ್ಲಿಯೂ ಉಳಿದಿರಬಹುದು. ಸಿಕ್ಕ ಕರಪತ್ರವನ್ನು ಅಲ್ಲಿಯೇ ಛಾಯಾಚಿತ್ರ ತೆಗೆದು ಮನೆಯವರಿಗೇ ಹಿಂದಿರುಗಿಸಬೇಕು.

ಸಿನಿಮಾ ಕಾಲದ ಭಾಗ ಇಷ್ಟು ಕಷ್ಟದ್ದಲ್ಲ. ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ 1964ರದ್ದಾದ್ದರಿಂದ ಆ ನಂತರದ ಪರವಾನಗಿಯ ಕಡತಗಳಿಗಾಗಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಬರೆಯುವಾಗ ಜೀರ್ಣೋದ್ಧಾರದಲ್ಲಿ ಹೊಸದಾಗಿ ಸೇರಿದ್ದನ್ನು ಹಳೆಯದೆಂದು ತೋರಿಸಬಾರದು. ದ್ವಾರದ ಫಲಕದಲ್ಲಿ ಕಟ್ಟಿದ ವರ್ಷ, ಅದಕ್ಕೆ ಆಧಾರವಾದ ಫಸಲಿ ತಾರೀಖು, ದುರಸ್ತಿಯ ವರ್ಷ ಈ ಮೂರನ್ನೂ ಬೇರೆ ಬೇರೆ ಸಾಲುಗಳಲ್ಲಿ, ಕನ್ನಡ ಮತ್ತು ಉರ್ದು ಎರಡರಲ್ಲಿಯೂ ಕೆತ್ತಿಸಬೇಕು.