ತಾಮ್ರದ ಕಾಸಿನಲ್ಲಿ ಚಿತ್ರದುರ್ಗದ ಟಂಕಸಾಲೆಯನ್ನು ಹುಡುಕುವುದು: ನನ್ನ ಅನುಭವ

ಚಿತ್ರದುರ್ಗ ತಾಲ್ಲೂಕಿನ ನಮ್ಮ ಹೊಲದಲ್ಲಿ ಶೇಂಗಾ ಕಿತ್ತು ಮುಗಿದ ಮೇಲೆ, ಮಣ್ಣು ಇನ್ನೂ ಸಡಿಲವಾಗಿರುವ ದಿನಗಳಲ್ಲಿ, ನಾನು ಮೆಟಲ್ ಡಿಟೆಕ್ಟರ್ ಹಿಡಿದು ಸಾಲಿನಿಂದ ಸಾಲಿಗೆ ನಡೆಯುತ್ತೇನೆ. ಹೊಲದ ಅಂಚಿನಲ್ಲಿ ಹಿಂದೆ ಸಂತೆಗೆ ಹೋಗುವ ಬಂಡಿದಾರಿ ಇದ್ದುದರಿಂದ, ಜನರ ಕೈಯಿಂದ ಜಾರಿದ ಚಿಲ್ಲರೆ ಕಾಸುಗಳು ಆಗಾಗ ಮೇಲ್ಮಣ್ಣಿಗೆ ಬರುತ್ತವೆ. ನೇಗಿಲು ಈಗಾಗಲೇ ಮಗುಚಿದ ಮಣ್ಣಿಗಿಂತ ಕೆಳಗೆ ನಾನು ಅಗೆಯುವುದಿಲ್ಲ. ಕೋಟೆ, ಚಂದ್ರವಳ್ಳಿ, ಬ್ರಹ್ಮಗಿರಿಯಂಥ ಪ್ರಾಚೀನ ನೆಲೆಗಳ ಕಡೆಗೆ ಯಂತ್ರವನ್ನು ಒಯ್ಯುವುದೂ ಇಲ್ಲ. ಅಲ್ಲಿ ಅಗೆಯುವುದು ಅಪರಾಧ ಎಂಬುದು ಒಂದು ಕಾರಣವಾದರೆ, ಮತ್ತೊಂದು ಕಾರಣ ಅದಕ್ಕಿಂತ ದೊಡ್ಡದು. 1929ರ ಸುಮಾರಿಗೆ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ, ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿ ನಾಣ್ಯಗಳೂ ಯಾವ ಪದರದಲ್ಲಿ ಯಾವುದರ ಜೊತೆಗೆ ಸಿಕ್ಕವು ಎಂಬುದರಿಂದಲೇ ಅವಕ್ಕೆ ಅರ್ಥ ಬಂದಿತು. ಪದರದಿಂದ ಕಿತ್ತು ತಂದ ನಾಣ್ಯಕ್ಕೆ ಆ ಸಾಕ್ಷ್ಯ ಉಳಿಯುವುದಿಲ್ಲ. ಸ್ವಂತ ಹೊಲದಲ್ಲಿ ಸಿಕ್ಕ ಹಳೆಯ ನಾಣ್ಯವನ್ನೂ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಿಕ್ಕ ಜಾಗ, ತೂಕ ಮತ್ತು ಎರಡೂ ಮುಖಗಳ ಫೋಟೊ ಸೇರಿಸಿ ನಾನು ಲಿಖಿತವಾಗಿಯೇ ತಿಳಿಸುತ್ತೇನೆ.

ನಮ್ಮ ಸೀಮೆಯ ನೆಲ ಈ ಯಂತ್ರಕ್ಕೆ ಸುಲಭವಾದುದಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಕಡೆಗೆಲ್ಲ ಹಬ್ಬಿರುವ ಕಬ್ಬಿಣದ ಅದಿರಿನ ಕಲ್ಲಿನ ಚೂರುಗಳು ಹೊಲದಲ್ಲೂ ಇರುವುದರಿಂದ, ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನಲ್ಲೇ ಇರುವ ಖನಿಜಗಳನ್ನು ಲೆಕ್ಕಿಸದಂತೆ ಯಂತ್ರವನ್ನು ಹೊಂದಿಸುವುದು) ಸರಿಪಡಿಸದೆ ಹೊರಟರೆ ಯಂತ್ರ ಸುಮ್ಮನೆ ಕೂಗುತ್ತಲೇ ಇರುತ್ತದೆ. ತಾಮ್ರದ ದೊಡ್ಡ ಕಾಸು ಸ್ಪಷ್ಟವಾದ ಎತ್ತರದ ಸ್ವರ ಕೊಡುತ್ತದೆ. ಒಂದೆರಡು ಗ್ರಾಂ ತೂಗುವ ಪುಟ್ಟ ಕಾಸಿನ ಸ್ವರಕ್ಕೂ ಗುಟ್ಕಾ ಚೀಟಿಯ ಅಲ್ಯುಮಿನಿಯಂ ಹಾಳೆಯ ಸ್ವರಕ್ಕೂ ಮಾತ್ರ ವ್ಯತ್ಯಾಸ ತಿಳಿಯುವುದು ಕಷ್ಟ. ಗುಟ್ಕಾ ಚೀಟಿಯನ್ನು ಹೆಕ್ಕಲು ಬೇಸರಪಡುವವರಿಗೆ ಪುಟ್ಟ ಕಾಸುಗಳೂ ಸಿಗುವುದಿಲ್ಲ.

ಸಿಕ್ಕ ಕಾಸನ್ನು ಮನೆಗೆ ತಂದೊಡನೆ ಹುಣಸೆಹಣ್ಣು ಹಚ್ಚಿ ಉಜ್ಜುವುದು ನಮ್ಮಲ್ಲಿ ಎಲ್ಲರಿಗೂ ತೋಚುವ ಉಪಾಯ, ಮತ್ತು ನಾಣ್ಯವನ್ನು ಕೆಡಿಸಲು ಅದಕ್ಕಿಂತ ಬೇಗನೆಯ ದಾರಿ ಇಲ್ಲ. ಗಟ್ಟಿಯಾದ ಕಡುಹಸಿರು ಪದರದಲ್ಲಿಯೇ ಅಕ್ಷರಗಳ ಅಂಚು ಉಳಿದಿರುತ್ತದೆ. ಹುಳಿ ಅದನ್ನು ಕರಗಿಸಿದರೆ ಹೊಳೆಯುವ, ಆದರೆ ಓದಲಾಗದ ತಾಮ್ರದ ಬಿಲ್ಲೆ ಕೈಗೆ ಬರುತ್ತದೆ. ನಾನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ನೀರನ್ನು ಆಗಾಗ ಬದಲಿಸಿ, ಮೆತ್ತಗಾದ ಮಣ್ಣನ್ನು ಬಿದಿರಿನ ಕಡ್ಡಿಯಿಂದ ಬಿಡಿಸುತ್ತೇನೆ. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆಗಳು ಕಂಡರೆ ಅದು ಕ್ಲೋರೈಡ್‌ನಿಂದ ಬಂದ ತುಕ್ಕು. ಪೊಟ್ಯಾಷ್ ಗೊಬ್ಬರ ಹಾಕಿದ ಹೊಲದ ಕಾಸುಗಳನ್ನು ಈ ಕಾರಣಕ್ಕೆ ಹೆಚ್ಚು ಎಚ್ಚರದಿಂದ ನೋಡಬೇಕು.

ಓದುವುದಕ್ಕೆ ಮೊದಲು ತೂಗಬೇಕು. ಟಿಪ್ಪುವಿನ ಕಾಲದ ಪೈಸೆ ಸುಮಾರು 11 ಗ್ರಾಂ, ಅದರ ಇಮ್ಮಡಿ ಸುಮಾರು 22 ಗ್ರಾಂ. ಅರ್ಧ, ಕಾಲು, ಅರೆಕಾಲು ಪೈಸೆಗಳು ಅದೇ ಲೆಕ್ಕದಲ್ಲಿ ಇಳಿಯುತ್ತವೆ. ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲು ಆಣೆ 6.47 ಗ್ರಾಂ. ಸವೆತಕ್ಕೆ ಸ್ವಲ್ಪ ಬಿಟ್ಟುಕೊಟ್ಟರೂ, ತಕ್ಕಡಿ ಅರ್ಧದಷ್ಟು ಸಂದೇಹವನ್ನು ಅಲ್ಲಿಯೇ ಕಳೆಯುತ್ತದೆ.

ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಫಾರಸಿ ಅಕ್ಷರ ಇದ್ದರೆ ನಿಜವಾದ ಕೆಲಸ ಶುರುವಾಗುತ್ತದೆ: ಆ ಅಕ್ಷರಗಳಲ್ಲಿ ಟಂಕಸಾಲೆಯ, ಅಂದರೆ ನಾಣ್ಯ ಹೊಡೆದ ಜಾಗದ, ಹೆಸರನ್ನು ಹುಡುಕುವುದು. ಹೈದರಾಲಿ 1779ರಲ್ಲಿ ಚಿತ್ರದುರ್ಗವನ್ನು ಗೆದ್ದುಕೊಂಡ ಬಳಿಕ, ಟಿಪ್ಪು ಈ ಊರಿಗೆ ಫರ್ರುಖ್‌ಯಾಬ್ ಹಿಸಾರ್ ಎಂಬ ಹೆಸರಿಟ್ಟು ಇಲ್ಲಿ ತಾಮ್ರದ ನಾಣ್ಯ ಹೊಡೆಸಿದನು. ಆದರೆ ಗುತ್ತಿಯ ಟಂಕಸಾಲೆಗೆ ಫೈಜ್ ಹಿಸಾರ್ ಎಂದೂ ಕಲ್ಲಿಕೋಟೆಯ ಬಳಿಯ ಟಂಕಸಾಲೆಗೆ ಫರ್ರುಖಿ ಎಂದೂ ಹೆಸರಿತ್ತು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದು ಅಕ್ಷರಗಳ ಒಂದು ಭಾಗ ಹೊರಗೆ ಹೋಗುವುದೇ ಹೆಚ್ಚು. ಹಿಸಾರ್ ಮಾತ್ರ ಉಳಿದರೆ ದುರ್ಗವೋ ಗುತ್ತಿಯೋ ಹೇಳಲಾಗದು, ಫರ್ರುಖ್ ಮಾತ್ರ ಉಳಿದರೆ ದುರ್ಗವೋ ಕಲ್ಲಿಕೋಟೆಯೋ ಹೇಳಲಾಗದು. ನನಗೆ ಫಾರಸಿ ಬಾರದು. ಉರ್ದು ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕಾಗದದ ಮೇಲೆ ಮೂರೂ ಹೆಸರುಗಳನ್ನು ದೊಡ್ಡದಾಗಿ ಬರೆದುಕೊಟ್ಟು, "ಇಡೀ ಹೆಸರು ಓದೋಕೆ ಹೋಗಬೇಡಿ, ಫೇ ಆದಮೇಲೆ ಗೆರೆ ಕಡಿದಿದೆಯಾ ನೋಡಿ" ಎಂದರು. ಫೇ ಎಂದರೆ ಎರಡೂ ಹೆಸರುಗಳ ಮೊದಲ ಅಕ್ಷರ. ಫೈಜ್ ಎಂಬುದರಲ್ಲಿ ಮೂರು ಅಕ್ಷರಗಳೂ ಒಂದಕ್ಕೊಂದು ಕೂಡಿಕೊಂಡು ಹೋಗುತ್ತವೆ. ಫರ್ರುಖ್ ಎಂಬುದರಲ್ಲಿ ರೇ ಅಕ್ಷರ ತನ್ನ ಮುಂದಿನದನ್ನು ಸೇರದೆ ಕೆಳಕ್ಕೆ ಇಳಿದು ನಿಲ್ಲುತ್ತದೆ. ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತ ಆ ಕಡಿತವನ್ನು ಹುಡುಕುತ್ತೇನೆ. ಕಡಿತವೂ ಹಿಸಾರ್‌ನ ತುಣುಕೂ ಒಂದೇ ನಾಣ್ಯದಲ್ಲಿ ಕಂಡಾಗ ಮಾತ್ರ ಅದನ್ನು ದುರ್ಗದ್ದೆಂದು ಬರೆದುಕೊಳ್ಳುತ್ತೇನೆ.

ಇಸವಿಯಲ್ಲೂ ಒಂದು ತೊಡಕಿದೆ. ಟಿಪ್ಪುವಿನ ಮೌಲೂದಿ ವರ್ಷಗಳಲ್ಲಿ (ಪ್ರವಾದಿಯ ಜನನದಿಂದ ಎಣಿಸುವ ಅವನ ಶಕೆಯಲ್ಲಿ) ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಕಣ್ಣಿಗೆ 8121 ಎಂದು ಕಾಣುವುದು 1218. ಅದಕ್ಕೆ 572 ಕೂಡಿದರೆ ಸರಿಸುಮಾರು 1790 ಬರುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳಲ್ಲಿ ಈ ಕಷ್ಟವಿಲ್ಲ. ಆನೆಯ ಮೇಲೆ 'ಶ್ರೀ', ಹಿಂಬದಿಯಲ್ಲಿ ಕನ್ನಡದ ಅಕ್ಷರ, ಜೊತೆಗೆ ಇಂಗ್ಲಿಷಿನಲ್ಲಿ ಕಾಸಿನ ಲೆಕ್ಕ. ಮುಂದಿನವುಗಳಲ್ಲಿ ಆನೆಯ ಬದಲು ಸಿಂಹ ಬಂದಿದೆ, ಆ ಸರಣಿ 1843ಕ್ಕೆ ನಿಂತಿತು. ಆನೆಯಿರುವ ಕಾಸಿನ ಹಿಂಬದಿಯಲ್ಲಿ ಅಡ್ಡಗೆರೆಗಳ ಚೌಕುಳಿ ಇದ್ದರೆ ಅದು ಮೈಸೂರಿನ ಹಳೆಯ ಪುಟ್ಟ ಕಾಸು.

ರಾಮ, ಹನುಮಂತರ ಚಿತ್ರದ ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಎಂಬ ಇಸವಿಯೂ ಇರುವ ತಾಮ್ರದ ಬಿಲ್ಲೆಗಳನ್ನು ತಂದು ತೋರಿಸುವವರು ಬಹಳ. ಕಂಪನಿ ಅಂಥ ನಾಣ್ಯವನ್ನು ಹೊಡೆಸಿಯೇ ಇಲ್ಲ. ಇದೇ ಬಿಲ್ಲೆಗಳನ್ನು 'ರೈಸ್ ಪುಲ್ಲಿಂಗ್', ಅಂದರೆ ಅಕ್ಕಿಯನ್ನು ಎಳೆಯುವ ಶಕ್ತಿಯವು, ಎಂದು ಲಕ್ಷಗಳಿಗೆ ಮಾರಲು ಬರುವವರಿಗೆ ನನ್ನ ಉತ್ತರ ಒಂದೇ: ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ, ಎಳೆದರೆ ಅಕ್ಕಿಗೆ ಕಬ್ಬಿಣದ ಪುಡಿ ಬೆರೆಸಿದ್ದಾರೆ, ಬಿಲ್ಲೆಯಲ್ಲಿ ಅಯಸ್ಕಾಂತ ಅಡಗಿಸಿದ್ದಾರೆ ಎಂದರ್ಥ.

ಗುರುತಿಸಿದ ಕಾಸುಗಳನ್ನು ಚೆನ್ನಾಗಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡುತ್ತೇನೆ. ಮೆತ್ತನೆಯ ಪಿವಿಸಿ ಚೀಲದಲ್ಲಿ ತಾಮ್ರ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಹಸಿರುಗಟ್ಟುತ್ತದೆ. ಲಕೋಟೆಯ ಮೇಲೆ ತೂಕ, ವ್ಯಾಸ, ಸಿಕ್ಕ ಸಾಲು ಮತ್ತು ಓದಲಾದ ಅಕ್ಷರಗಳನ್ನು ಬರೆಯುತ್ತೇನೆ. ಊಹಿಸಿದ ಅಕ್ಷರಗಳನ್ನು ಪೆನ್ಸಿಲ್‌ನಲ್ಲಿ ಬರೆದು ಬೇರೆಯಾಗಿಯೇ ಇಡುತ್ತೇನೆ.